ಸಹಾಯ ಬೇಕು: ಕೆರೆಯ ಹಸಿರು ಕೆನೆಯನ್ನು ಪರೀಕ್ಷಿಸುವವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಕೋಲಾರ ತಾಲ್ಲೂಕಿನ ನಮ್ಮೂರ ಕೆರೆಯಲ್ಲಿ ವಾರದಿಂದ ತೂಬಿನ ಕಡೆ ಹಸಿರು ಬಣ್ಣದ ಡಬ್ಬಿ ಸುರಿದಂತೆ ಕೆನೆ ಕಟ್ಟಿದೆ. ಕೋಲು ಅದ್ದಿ ನೋಡಿದೆ. ಎಳೆಎಳೆಯಾಗಿ ಜೋತುಬೀಳುವ ಪಾಚಿಯಲ್ಲ, ಪೇಂಟ್‌ನಂತೆ ಕೋಲಿಗೆ ಮೆತ್ತಿಕೊಂಡಿತು. ಬಾಟಲಿಯಲ್ಲಿ ತುಂಬಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಹಸಿರೆಲ್ಲ ಮೇಲೆ ತೇಲಿತ್ತು. ಮೈಕ್ರೊಸಿಸ್ಟಿಸ್‌ನಂತಹ ಸಯನೋಬ್ಯಾಕ್ಟೀರಿಯಾ (ಪಾಚಿಯಂತೆಯೇ ಕಾಣುವ ಬ್ಯಾಕ್ಟೀರಿಯಾ) ಇರಬಹುದೆಂದು ನನ್ನ ಅನುಮಾನ. ಅದು ವಿಷ ಬಿಟ್ಟರೆ ಯಕೃತ್ತಿಗೆ ಪೆಟ್ಟು, ಕುದಿಸಿದರೂ ಹೋಗುವುದಿಲ್ಲ. ಎಲ್ಲ ಹಸಿರೂ ವಿಷವಲ್ಲ ನಿಜ, ಆದರೆ ಕಣ್ಣಳತೆಯಲ್ಲಿ ಅದನ್ನು ಹೇಳಲಾಗದು. ಕುರಿಗಳನ್ನು ಅತ್ತ ಬಿಡಬೇಡಿ ಎಂದರೆ, "ತಾತನ ಕಾಲದಿಂದಲೂ ಪಾಚಿ ಇದೆಯಪ್ಪ" ಎಂದು ನಗುತ್ತಾರೆ.

ಸಸ್ಯಶಾಸ್ತ್ರದ ಮೇಷ್ಟ್ರು ಯಾರಾದರೂ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡಿಕೊಡುವಿರಾ? ಅದು ಬಿಡುವ ವಿಷವಾದ ಮೈಕ್ರೊಸಿಸ್ಟಿನ್ ಅಳೆಯುವ ಪ್ರಯೋಗಾಲಯ ಕೋಲಾರದಲ್ಲೋ ಬೆಂಗಳೂರಿನಲ್ಲೋ ಗೊತ್ತಿದ್ದರೆ, ಖರ್ಚು ಎಷ್ಟಾಗುತ್ತದೆ ಎಂಬುದನ್ನೂ ತಿಳಿಸಿ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರ್‌ಗೆ 1 ಮೈಕ್ರೋಗ್ರಾಂ. ಅಷ್ಟು ಸೂಕ್ಷ್ಮವಾಗಿ ಅಳೆಯುವವರೇ ಬೇಕು. ಮಾದರಿಯನ್ನು ಗಾಜಿನ ಬಾಟಲಿಯಲ್ಲಿ, ಬೆಳಕು ತಾಗದಂತೆ, ಮಂಜುಗಡ್ಡೆಯ ಮೇಲಿಟ್ಟು ನಾನೇ ಬಸ್ಸಿನಲ್ಲಿ ತರುತ್ತೇನೆ. ಕೈಗವಸು ಹಾಕಿಕೊಂಡೇ ತುಂಬುತ್ತೇನೆ, ಆ ಚಿಂತೆ ಬೇಡ.