ಟೊಮೇಟೊ ಜಾಗಕ್ಕೆ ಬದನೆ ಹಚ್ಚಿದರೆ ಬೆಳೆ ಬದಲಾದಂತಲ್ಲ

ಕೇಳಿದ್ದು, ದಾವಣಗೆರೆಯಿಂದ: ಹಿತ್ತಲಲ್ಲಿ 20×20 ಅಡಿ ಜಾಗವಿದೆ, ಬೋರ್‌ವೆಲ್ ನೀರು. ಮೂರು ವರ್ಷದಿಂದ ಟೊಮೇಟೊ, ಬದನೆ, ಮೆಣಸಿನಕಾಯಿಯನ್ನೇ ಅದಲುಬದಲು ಮಾಡಿ ಹಾಕುತ್ತಿದ್ದೇವೆ. ಈಗ ಟೊಮೇಟೊ ಕಾಯಿ ಕಚ್ಚುವ ಹೊತ್ತಿಗೆ ಸೊರಗುತ್ತಿದೆ. ಯಾವುದರ ಹಿಂದೆ ಯಾವುದು ಹಾಕಬೇಕು?

ಹರಿಹರದಿಂದ: ಆ ಮೂರೂ ಒಂದೇ ಕುಲ. ಆಲೂಗಡ್ಡೆ, ದಪ್ಪ ಮೆಣಸಿನಕಾಯಿಯೂ ಅದೇ. ಹೆಸರು ಬದಲಾಯಿತೇ ಹೊರತು ಮಣ್ಣಲ್ಲಿರುವ ರೋಗಕ್ಕೆ ಊಟ ತಪ್ಪಲಿಲ್ಲ. ಜಾಗವನ್ನು ನಾಲ್ಕು ಪಾಲು ಮಾಡಿ. ಬದನೆ ಕುಲ ಎದ್ದ ಪಾಲಿಗೆ ಮರುವರ್ಷ ಈರುಳ್ಳಿ, ಮೂಲಂಗಿ, ಸೊಪ್ಪು. ಅದರ ಮುಂದಿನ ವರ್ಷ ಹೀರೆ, ಸೌತೆ, ಹಾಗಲ. ಆಮೇಲೆ ಅವರೆ, ಅಲಸಂದೆ, ಚವಳಿಕಾಯಿ. ಹೀಗೆ ನಡುವೆ ಮೂರು ವರ್ಷ ಬಿಡುವು ಸಿಗುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಟೊಮೇಟೊಗೂ ಬಳ್ಳಿಗೂ ಹತ್ತು ಚದರಡಿಗೆ 2 ಕೆಜಿಯಂತೆ ಕೊಡಿ. ಮೂಲಂಗಿ, ಗಜ್ಜರಿಗೆ ಹಸಿ ಗೊಬ್ಬರ ಹಾಕಿದರೆ ಗಡ್ಡೆ ಕವಲೊಡೆಯುತ್ತದೆ. ಅವರೆ ಗಿಡವನ್ನು ಕೀಳಬೇಡಿ, ಬುಡಕ್ಕೆ ಕತ್ತರಿಸಿ ಬೇರು ಮಣ್ಣಲ್ಲೇ ಬಿಡಿ, ಗಾಳಿಯ ಸಾರಜನಕ ಹಿಡಿಯುವ ಗಂಟು ಅದರಲ್ಲಿದೆ. ಆದರೂ ಕಾಯಿಯ ಜೊತೆ ಸಾರಜನಕ ಬಹುಪಾಲು ಹೊರಗೇ ಹೋಗುತ್ತದೆ, ಅವರೆ ಹಾಕಿದ್ದೇವೆಂದು ಗೊಬ್ಬರ ತಪ್ಪಿಸಬೇಡಿ.

ಹಿರಿಯೂರಿನಿಂದ: ಮೊದಲು ಯಾವ ಸೊರಗು ಅಂತ ತಿಳಿಯಿರಿ. ಎಲೆ ಹಳದಿಯಾಗದೆ, ಹಸಿರಾಗಿದ್ದಂತೆಯೇ ಗಿಡ ಜೋತುಬಿದ್ದರೆ ಬುಡದ ಕಾಂಡವನ್ನು ಮೂರು ಬೆರಳಗಲ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು. ಆ ಮಣ್ಣಿಗೆ ಮೂರು ವರ್ಷದ ಬಿಡುವೂ ಸಾಲದೇ ಹೋಗಬಹುದು. ಟೊಮೇಟೊ ಬೇಕೇ ಬೇಕೆಂದರೆ ಹೊಸ ಮಣ್ಣು ತುಂಬಿದ ಚೀಲದಲ್ಲಿ ಬೆಳೆಯಿರಿ, ಇಲ್ಲವೇ ಆ ರೋಗ ತಡೆಯುವ ಅರ್ಕಾ ರಕ್ಷಕ್ ಸಸಿ ತನ್ನಿ. ಎಳೆ ಇಳಿಯದೆ, ಕೆಳಗಿನ ಎಲೆ ಹಳದಿಯಾಗಿ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಅದು ಶಿಲೀಂಧ್ರದ ಸೊರಗು. 5 ಕೆಜಿ ಗೊಬ್ಬರಕ್ಕೆ 50 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಲ್ಲಿ ಒಂದು ವಾರ ತೇವವಾಗಿಟ್ಟು ನಾಟಿ ಗುಣಿಗೆ ಹಾಕಿ. ಎಲೆ ಮುರುಟು ರೋಗವನ್ನು ಬಿಳಿನೊಣ ತರುತ್ತದೆ, ಪಾಲು ಬದಲಿಸಿದರೆ ಅದು ನಿಲ್ಲದು.

ಹೊಳಲ್ಕೆರೆಯಿಂದ: ಸಣ್ಣ ಹಿತ್ತಲಲ್ಲಿ ಎಲ್ಲ ಲೆಕ್ಕ ಕೆಡುವುದು ನೀರಿನಿಂದ. ಒಂದೇ ಕಾಲುವೆಯಲ್ಲಿ ಮಡಿಯಿಂದ ಮಡಿಗೆ ನೀರು ಹಾಯಿಸಿದರೆ ಮೇಲಿನ ಪಾಲಿನ ರೋಗ ಕೆಳಗಿನದಕ್ಕೆ ಇಳಿಯುತ್ತದೆ. ಪ್ರತಿ ಪಾಲಿಗೂ ಬೇರೆ ಪೈಪು ಕೊಡಿ, ನಡುವೆ ಅರ್ಧ ಅಡಿ ಎತ್ತರದ ಬದು ಹಾಕಿ. ರೋಗದ ಪಾಲಲ್ಲಿ ಆಡಿದ ಸಲಿಕೆಯನ್ನು ತೊಳೆದೇ ಪಕ್ಕಕ್ಕೆ ಒಯ್ಯಿರಿ. ತಾನಾಗಿ ಹುಟ್ಟಿದ ಟೊಮೇಟೊ ಸಸಿ, ಗಣಿಕೆ ಸೊಪ್ಪು, ದತ್ತೂರಿ, ಎಲ್ಲವೂ ಬದನೆ ಕುಲವೇ. ಈರುಳ್ಳಿ ಪಾಲಲ್ಲಿ ಅವು ಎದ್ದು ನಿಂತರೆ ಬಿಡುವು ಕೊಟ್ಟಂತಾಗಲಿಲ್ಲ.

ಮಣ್ಣಿನ ರೋಗ ತಗ್ಗಿಸಲು ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲನ್ನೂ ಬಳಸಿ. ಖಾಲಿ ಮಡಿ ಸಮ ಮಾಡಿ, ಚೆನ್ನಾಗಿ ನೀರುಣ್ಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚು ಮಣ್ಣಲ್ಲಿ ಹೂತು ಆರು ವಾರ ಬಿಡಿ. ಕಪ್ಪು ಹಾಳೆಯಲ್ಲಿ ಅಷ್ಟು ಕಾವು ಮಣ್ಣಿಗೆ ಇಳಿಯದು. ಕಾಯುವುದು ಮೇಲಿನ ಅರ್ಧ ಅಡಿ ಮಾತ್ರ, ಆದ್ದರಿಂದ ತೆಗೆದ ಮೇಲೆ ಆಳವಾಗಿ ಅಗೆಯಬೇಡಿ.

ಚಳ್ಳಕೆರೆಯಿಂದ: ಬೋರಿನ ನೀರು ಉಪ್ಪಾಗಿದ್ದರೆ ಬೀನ್ಸ್ ಏಳುವುದೇ ಇಲ್ಲ, ಎಲೆಯಂಚು ಸುಡುತ್ತದೆ. ಆ ಪಾಲಿಗೆ ಚವಳಿ, ಅಲಸಂದೆ ಸಾಕು. ಬೀಟ್‌ರೂಟ್, ಪಾಲಕ್ ಉಪ್ಪು ತಡೆಯುತ್ತವೆ.

ಕೇಳಿದವರು ಮತ್ತೆ: ಬೆಂಡೆ ಎಲ್ಲಿಗೆ?

ಹರಿಹರದಿಂದ: ಬೆಂಡೆ ದಾಸವಾಳ, ಹತ್ತಿಯ ಕುಲ, ಹೀಗಾಗಿ ಸೊರಗಿನ ಲೆಕ್ಕಕ್ಕೆ ಅಡ್ಡಿಯಿಲ್ಲ. ಆದರೆ ಬೇರುಗಂಟು ಜಂತುವಿಗೆ ಟೊಮೇಟೊ, ಸೌತೆ, ಬೆಂಡೆ ಮೂರೂ ಇಷ್ಟ. ಈರುಳ್ಳಿ ಎದ್ದ ಪಾಲಲ್ಲಿ ಬಳ್ಳಿಯ ಜೊತೆ ಹಾಕಿ. ಬೆಳೆ ಮುಗಿದಾಗ ಬೇರು ಕಿತ್ತು ನೋಡಿ: ಬೇರೇ ಊದಿ ಮಣಿಮಣಿಯಾಗಿದ್ದರೆ ಜಂತು. ಅವರೆಯ ಬೇರಿನ ಗಂಟು ಹಾಗಲ್ಲ, ಉಗುರು ತಾಗಿಸಿದರೆ ಉದುರುತ್ತದೆ, ಒಳಗೆ ಗುಲಾಬಿ ಬಣ್ಣ. ಜಂತು ಕಂಡ ಪಾಲಿಗೆ ಮುಂದಿನ ಮೂರು ತಿಂಗಳು ತರಕಾರಿ ಬೇಡ, ಗೇಣಿಗೊಂದರಂತೆ ಒತ್ತಾಗಿ ಚೆಂಡು ಹೂ ಹಚ್ಚಿ, ಹೂ ಕೊಯ್ದ ಮೇಲೆ ಗಿಡವನ್ನು ಅಲ್ಲೇ ಮಣ್ಣಿಗೆ ಸೇರಿಸಿ.