ಸಹಾಯ ಬೇಕು: ಕಾಗೋಡು ಸತ್ಯಾಗ್ರಹದ ಗುಪ್ತಚರ ವರದಿ ಸಿಗೋ ದಾರಿ ಯಾವುದು?

1951ರ ಕಾಗೋಡು ಸತ್ಯಾಗ್ರಹದ (ಶಿವಮೊಗ್ಗ ಜಿಲ್ಲೆಯ ಕಾಗೋಡಿನಲ್ಲಿ ಗೇಣಿದಾರ ರೈತರು ಭೂಮಾಲೀಕರ ವಿರುದ್ಧ ನಡೆಸಿದ ಹೋರಾಟ) ಪೊಲೀಸ್ ಗುಪ್ತ ವರದಿಗಳು ಬೇಕಿವೆ, ಮುಖ್ಯವಾಗಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನದ ದಿನಗಳದ್ದು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಹಾಕಿದ ಆರ್‌ಟಿಐ ಅರ್ಜಿಗೆ ಗುಪ್ತಚರ ವಿಭಾಗದವರು ಆರ್‌ಟಿಐ ಕಾಯ್ದೆಯ ಸೆಕ್ಷನ್ 24(4) ತೋರಿಸಿ ಕೊಡಲ್ಲ ಅಂದಿದ್ದಾರೆ.

ಗೊಂದಲ ಇಲ್ಲೇ. ಸೆಕ್ಷನ್ 8(3) ಪ್ರಕಾರ 20 ವರ್ಷ ದಾಟಿದ ಸಂಗತಿಗೆ 8(1)ರ ಎ (ದೇಶದ ಭದ್ರತೆ ಇತ್ಯಾದಿ), ಸಿ (ಶಾಸಕಾಂಗದ ಹಕ್ಕುಚ್ಯುತಿ), ಐ (ಸಂಪುಟದ ಕಡತ) ಬಿಟ್ಟು ಉಳಿದ ವಿನಾಯಿತಿಗಳು ನಿಲ್ಲಲ್ಲ. ಆದ್ರೆ ಸೆಕ್ಷನ್ 24, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆ ಬಿಟ್ರೆ, ಅಧಿಸೂಚಿತ ಗುಪ್ತಚರ ವಿಭಾಗವನ್ನ ಇಡೀ ಕಾಯ್ದೆಯಿಂದಲೇ ಹೊರಗಿಡುತ್ತೆ. (ಗೇಣಿ, ಕೊಳಗದ, ಅಂದ್ರೆ ಧಾನ್ಯ ಅಳೆಯೋ ಮಾಪನದ, ಜಗಳದಲ್ಲಿ ಈಗ ಎಂಥಾ ಭದ್ರತೆಯೋ!) ಮೊದಲ ಮೇಲ್ಮನವಿಯ 30 ದಿನದಲ್ಲಿ 12 ಮಾತ್ರ ಉಳಿದಿದೆ.

ಅದೇ ವರದಿಯ ಪ್ರತಿ ಶಿವಮೊಗ್ಗ ಡಿಸಿ ಕಚೇರಿ ರೆಕಾರ್ಡ್ ರೂಮಲ್ಲಿದ್ರೆ ಅದಕ್ಕೂ 24 ಅನ್ವಯಿಸುತ್ತಾ, ಇಲ್ಲಾ 8(3) ಹಿಡಿದು ಅಲ್ಲಿಗೇ ಹೊಸ ಅರ್ಜಿ ಹಾಕಬಹುದಾ? ಇಂಥ ಮಾಹಿತಿ ಆಯೋಗದ ಆದೇಶ ಇದ್ರೆ ಸಂಖ್ಯೆ ತಿಳಿಸಿ.