ನಮ್ಮ ಕಡೆಯ ಕನ್ನಡ ಮಾತಾಡುವ ಸಿನಿಮಾ ಯಾವುದಿದೆ? ಅಪ್ಪನಿಗೆ ತೋರಿಸಬೇಕು

ಕೋಥ್ರೂಡಿನ ಗದಗಿನವಳು:

ಎಲ್ಲರಿಗೂ ನಮಸ್ಕಾರ. ನಾನು ಪುಣೆಗೆ ಬಂದು 16 ವರ್ಷ ಆಯ್ತು. ಮನೆಯವರು ಸೊಲ್ಲಾಪುರ ಕಡೆಯ ಮರಾಠಿಯವರು, ಮಗಳು ಎಂಟನೇ ಕ್ಲಾಸು. ಅವ್ವ ಹೋದ ಮೇಲೆ ಅಪ್ಪ ಗದಗಿನ ಮನೆಗೆ ಬೀಗ ಹಾಕಿ ನಮ್ಮ ಹತ್ತಿರ ಬಂದಿದ್ದಾರೆ. ಬಂದ ಹೊಸದರಲ್ಲಿ ತುಂಬಾ ಸುಮ್ಮನಾಗಿಬಿಟ್ಟಿದ್ದರು. ಕೆಳಗೆ ಕಟ್ಟೆ ಮೇಲೆ ಕೂರುವ ಹಿರಿಯರೆಲ್ಲ ಮರಾಠಿಯವರು, ಇವರಿಗೆ ಮರಾಠಿ ತಿಳಿಯುತ್ತದೆ ಆದರೆ ಆಡುವುದಕ್ಕೆ ಸಂಕೋಚ. ಅದಕ್ಕೇ ಎರಡು ತಿಂಗಳಿಂದ ಒಂದು ರೂಢಿ ಮಾಡಿಕೊಂಡಿದ್ದೇವೆ. ಶನಿವಾರ ರಾತ್ರಿ ಊಟ ಆದ ಮೇಲೆ ಒಂದು ಕನ್ನಡ ಸಿನಿಮಾ, ಹಳೇದೋ ಹೊಸದೋ, ನಾಲ್ಕೂ ಜನ ಕೂತು ನೋಡುವುದು.

ಮೊದಲು ಹಾಕಿದ್ದು ‘ಬಂಗಾರದ ಮನುಷ್ಯ’. 1972ರದ್ದು, ಅಪ್ಪ ಹುಡುಗರಿದ್ದಾಗ ಮೂರು ಸಲ ನೋಡಿದ್ದರಂತೆ. ಕೊನೆಗೆ ರಾಜೀವ ಮನೆ ಬಿಟ್ಟು ಹೊರಡುತ್ತಾನಲ್ಲ, ಅದು ಬರುವ ಮೊದಲೇ ಅಪ್ಪ ಎದ್ದು ಬಾಲ್ಕನಿಗೆ ಹೋದರು. ಮಗಳು ಮಾತ್ರ, ಅಷ್ಟೆಲ್ಲ ಮಾಡಿದವನು ಒಂದು ಮಾತೂ ತಿರುಗಿ ಆಡದೆ ಯಾಕೆ ಹೋಗಬೇಕು ಅಂತ ರಾತ್ರಿಯೆಲ್ಲ ನನ್ನ ಜೊತೆ ವಾದ ಮಾಡಿದಳು. ಅವಳು ಕೇಳಿದ್ದು ಸರಿ ಅಂತಲೇ ನನಗೂ ಅನಿಸಿತು.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ನೋಡಿದೆವು. ಮೊದಲನೆಯದು ನನಗೆ ಬಹಳ ಹಿಡಿಸಿತು, ಅಪ್ಪ ನಿದ್ದೆ ಹೋದರು. ಎರಡನೆಯದರಲ್ಲಿ ದುಃಖ ಜಾಸ್ತಿ ಆಯ್ತು. ‘ಸು ಫ್ರಮ್ ಸೋ’ಗೆ ಎಲ್ಲರೂ ನಕ್ಕೆವು, ಮಗಳಂತೂ ಮಾರನೇ ದಿನ ಮತ್ತೆ ಹಾಕಿಕೊಂಡು ನೋಡಿದಳು. ಅಪ್ಪ ಮಾತ್ರ ನಡುನಡುವೆ “ಏನಂದ, ಏನಂದ” ಅಂತ ಕೇಳುತ್ತಿದ್ದರು. ಎಲ್ಲಕ್ಕಿಂತ ಅವರಿಗೆ ಇಷ್ಟವಾಗಿದ್ದು ‘ತಿಥಿ’. ಅದರಲ್ಲಿ ಯಾರೂ ವೃತ್ತಿ ನಟರಲ್ಲ, ಮಂಡ್ಯ ಕಡೆಯ ಹಳ್ಳಿಯವರೇ ಮಾಡಿದ್ದು ಅಂತ ಹೇಳಿದರೆ ನಂಬಲಿಲ್ಲ. ಗಡ್ಡಪ್ಪ ಸುಮ್ನೆ ನಡೆದುಕೊಂಡು ಹೋಗುವುದನ್ನೇ ಕಣ್ಣು ಮಿಟುಕಿಸದೆ ನೋಡಿದರು.

ಈಗ ನನ್ನ ಪ್ರಶ್ನೆ. ಕಳೆದ ವಾರ ಒಂದು ಹೊಸ ಸಿನಿಮಾ ಹಾಕಿದೆ, ಹೆಸರು ಬೇಡ. ಅದರಲ್ಲಿ ನಮ್ಮ ಕಡೆಯ ಮಾತಾಡುವ ಒಬ್ಬ ಬರುತ್ತಾನೆ. ಬಾಯಿ ತೆಗೆದರೆ ಸಾಕು, ಹಿಂದಿನಿಂದ ನಗೆಯ ಮ್ಯೂಸಿಕ್ಕು. ಅಪ್ಪ ಅರ್ಧ ತಾಸು ನೋಡಿ, “ನಮ್ಮ ಮಂದಿ ಮಾತಾಡಿದ್ರ ಇವರಿಗ್ಯಾಕ ಇಷ್ಟು ನಗಿ ಬರ್ತದವ್ವಾ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಯವರು ತಮ್ಮ ಕಡೆಯ ‘ಸೈರಾಟ್’ ಉದಾಹರಣೆ ಕೊಟ್ಟರು. 2016ರಲ್ಲಿ ಅದು ಬಂದಾಗ ಪುಣೆಯ ಹುಡುಗರೆಲ್ಲ ಆ ಸೊಲ್ಲಾಪುರದ ಹಳ್ಳಿ ಮರಾಠಿಯನ್ನೇ ಆಡುತ್ತಿದ್ದರು, ನನಗೂ ನೆನಪಿದೆ. ಅದರ ನಾಯಕಿಯೇ ಆ ಮಾತು ಆಡುತ್ತಾಳೆ, ಬುಲೆಟ್ ಓಡಿಸುತ್ತಾಳೆ, ಯಾರೂ ಅವಳ ಮಾತಿಗೆ ನಗಲಿಲ್ಲ.

ಗದಗ, ಧಾರವಾಡ, ಬಾಗಲಕೋಟೆ, ರಾಯಚೂರು, ಯಾವುದಾದರೂ ಆಗಲಿ. ಆ ಮಾತನ್ನು ನಗಿಸುವುದಕ್ಕೆ ಅಂತ ಇಟ್ಟಿರಬಾರದು, ಅದರಲ್ಲೇ ಅಳಬೇಕು, ಸಿಟ್ಟು ಮಾಡಬೇಕು, ಪ್ರೀತಿ ಮಾಡಬೇಕು. ಅಂಥ ಸಿನಿಮಾ ಹೇಳಿ, ದಯವಿಟ್ಟು.

ಥಾಣೆಯ ಉಡುಪಿಯವ:

ಅಕ್ಕಾ, ನಿಮ್ಮ ತಂದೆಯವರ ಪ್ರಶ್ನೆ ಓದಿ ಮನಸ್ಸಿಗೆ ತಾಗಿತು. ನಮ್ಮ ಕರಾವಳಿಯವರದ್ದೂ ಇದೇ ಕಥೆ ಆಗಿತ್ತು. ಹಿಂದೆ ಸಿನಿಮಾದಲ್ಲಿ ಮಂಗಳೂರಿನವ ಅಂದರೆ ಹೋಟೆಲ್ ಮಾಣಿ, ಇಲ್ಲವೇ ಪುಸ್ತಕದ ಕನ್ನಡ ಮಾತಾಡುವವ, ಎರಡು ನಿಮಿಷ ಬಂದು “ಎಂತ ಮಾರಾಯ್ರೇ” ಅಂದು ನಗಿಸಿ ಹೋಗುವುದು. ನನ್ನ ತಂದೆ ಮುಂಬಯಿಯ ಕೋಟೆ (ಫೋರ್ಟ್) ಭಾಗದಲ್ಲಿ ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅವರು ಅಂಥ ಸೀನು ಬಂದರೆ ಟಿವಿ ಆಫ್ ಮಾಡುತ್ತಿದ್ದರು.

‘ಕಾಂತಾರ’ವನ್ನು 2022ರಲ್ಲಿ ಇಲ್ಲೇ ಥಾಣೆಯ ಥಿಯೇಟರಿನಲ್ಲಿ ನೋಡಿದೆ. ಅಕ್ಕಪಕ್ಕ ಮರಾಠಿಯವರು, ಗುಜರಾತಿಯವರು. ಕೊನೆಯ ಇಪ್ಪತ್ತು ನಿಮಿಷ ಯಾರೂ ಮೊಬೈಲ್ ಮುಟ್ಟಲಿಲ್ಲ. ದೈವದ ಕೂಗು ಬಂದಾಗ ನನ್ನ ಅಮ್ಮ ಕೈ ಮುಗಿದುಕೊಂಡೇ ಕೂತಿದ್ದರು. ರಿಷಬ್ ಶೆಟ್ಟಿಯವರು ಅದನ್ನು ತಮ್ಮ ಊರು ಕೆರಾಡಿಯಲ್ಲೇ ಮಾಡಿದ್ದಲ್ವಾ, ಅಂಗಳ, ಗದ್ದೆ, ಕಂಬಳ ಎಲ್ಲದರಲ್ಲೂ ಊರಿನ ವಾಸನೆ ಇದೆ. 2025ರ ‘ಚಾಪ್ಟರ್ 1’ ಕೂಡ ನೋಡಿದೆ. ಕಣ್ಣಿಗೆ ದೊಡ್ಡ ಹಬ್ಬ. ಆದರೆ ನನಗೆ ಮೊದಲನೆಯದೇ ಹತ್ತಿರ. ಅದರಲ್ಲಿ ಜನ ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡುತ್ತಾರೆ.

ನೀವು ಕೇಳಿದ್ದು ಉತ್ತರ ಕರ್ನಾಟಕದ್ದು, ಅದಕ್ಕೆ ಬೇರೆಯವರು ಹೇಳಲಿ. ಆದರೂ ಒಂದು ಹೇಳುತ್ತೇನೆ, ಮಗಳ ಜೊತೆ ‘ಗುಲಾಬಿ ಟಾಕೀಸ್’ ನೋಡಿ. ವೈದೇಹಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಸಿನಿಮಾ, 2008. ಗುಲಾಬಿ ಹೆರಿಗೆ ಮಾಡಿಸುವವಳು, ಸಿನಿಮಾ ಅಂದರೆ ಜೀವ. ಅವಳ ಗುಡಿಸಲಿಗೆ ಒಂದು ಬಣ್ಣದ ಟಿವಿ ಬರುತ್ತದೆ, ಮೀನುಗಾರರ ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ, ಆಮೇಲೆ ಊರಿನ ಗಾಳಿ ಕೆಡುತ್ತದೆ. ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ಇದಕ್ಕೇ. ನನ್ನ ಅತ್ತೆ ಕುಂದಾಪುರದವರು, ಉಮಾಶ್ರೀ ನಮ್ಮ ಕಡೆಯವಳಲ್ಲ ಅಂದರೆ ಒಪ್ಪಲೇ ಇಲ್ಲ.

ವಾಸ್ಕೋ ಬಾಗಲಕೋಟೆ:

ಅಕ್ಕಾರ, ನಮಸ್ಕಾರ. ನಾನು ಗೋವಾದಲ್ಲಿ 20 ವರ್ಷದಿಂದ ಇದ್ದೇನೆ, ಮೊದಲು ಗಾರೆ ಕೆಲಸ, ಈಗ ಸಣ್ಣ ಗುತ್ತಿಗೆ. ನಮ್ಮ ಕೇರಿಯಲ್ಲಿ ಬಿಜಾಪುರ, ಬಾಗಲಕೋಟೆ, ಕೊಪ್ಪಳದವರೇ ಜಾಸ್ತಿ.

ನೀವು ನೋಡಲೇಬೇಕಾದದ್ದು ‘ಫೋಟೋ’. ಉತ್ಸವ್ ಗೋನವಾರ ಮಾಡಿದ್ದು, ಥಿಯೇಟರಿಗೆ ಬಂದದ್ದು 2024ರಲ್ಲಿ. ರಾಯಚೂರು ಕಡೆಯ ಒಬ್ಬ ಸಣ್ಣ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಇದ್ದಾನೆ. ಹುಡುಗ ಅಲ್ಲಿಗೆ ಹೋಗುತ್ತಾನೆ, ಹೋದ ಮೇಲೆ ಲಾಕ್‌ಡೌನ್ ಬೀಳುತ್ತದೆ. ಇಬ್ಬರೂ ಊರಿಗೆ ನಡೆದುಕೊಂಡೇ ಹೊರಡುತ್ತಾರೆ. ಅಷ್ಟೇ ಕಥೆ. ಮಾತೆಲ್ಲ ನಮ್ಮ ಕಡೆಯದು, ಒಂದು ಕಡೆಯೂ ನಗಿಸುವುದಕ್ಕೆ ಅಂತ ಇಟ್ಟಿಲ್ಲ.

ನಾನು ಅದನ್ನು ಒಂದೇ ಸಲಕ್ಕೆ ನೋಡಲು ಆಗಲಿಲ್ಲ. 2020ರ ಏಪ್ರಿಲಿನಲ್ಲಿ ನಾವು ಒಂದೇ ಖೋಲಿಯಲ್ಲಿ ಒಂಬತ್ತು ಜನ ಇದ್ದೆವು, ಕೆಲಸ ಇಲ್ಲ, ಗುತ್ತಿಗೆದಾರ ಫೋನ್ ಎತ್ತಲಿಲ್ಲ. ನಮ್ಮಲ್ಲಿ ಮೂವರು ರಾತ್ರಿ ಘಾಟಿನ ಕಡೆ ನಡೆದೇ ಬಿಟ್ಟರು. ಆ ಅಪ್ಪ ಮಗನಿಗೆ ಬಿಸಿಲಿನಲ್ಲಿ ನೀರು ಕೇಳುವ ಹೊತ್ತು ಬಂದಾಗ ನಾನು ಎದ್ದು ಹೊರಗೆ ಹೋಗಿ ನಿಂತೆ. ಎರಡು ದಿನ ಬಿಟ್ಟು ಉಳಿದದ್ದು ನೋಡಿದೆ. ನಮ್ಮ ಜೀವನ ಹೀಗೆ ಇತ್ತು ಅಂತ ನನ್ನ ಮಕ್ಕಳಿಗೆ ಬಾಯಿಂದ ಹೇಳಲು ಆಗಿರಲಿಲ್ಲ, ಸಿನಿಮಾ ತೋರಿಸಿದೆ.

ಇನ್ನೊಂದು ‘ಕನಸೆಂಬೋ ಕುದುರೆಯನೇರಿ’. ಅಮರೇಶ ನುಗಡೋಣಿಯವರ ಕಥೆ, ಇದೂ ಕಾಸರವಳ್ಳಿಯವರದ್ದೇ. ವೈಜನಾಥ ಬಿರಾದಾರ್ ಗೊತ್ತಲ್ಲ? ಬೀದರಿನವರು. ಎಷ್ಟೋ ವರ್ಷ ಕುಡುಕನ ಪಾತ್ರ, ಭಿಕ್ಷುಕನ ಪಾತ್ರ, ಬರೀ ನಗಿಸುವ ಕೆಲಸ ಕೊಟ್ಟರು. ಈ ಸಿನಿಮಾದಲ್ಲಿ ಅವರೇ ನಾಯಕ. ಊರಲ್ಲಿ ಯಾರಾದರೂ ಸತ್ತರೆ ಕುಣಿ ತೋಡುವ ಈರ್ಯಾ. ಕನಸಿನಲ್ಲಿ ಸಿದ್ಧ ಬಂದರೆ ಯಾರೋ ಸಾಯುತ್ತಾರೆ ಅಂತ ಅವನ ನಂಬಿಕೆ. ನಿಮ್ಮ ತಂದೆಯವರ ಪ್ರಶ್ನೆಗೆ ನಾನು ಹೇಳುವುದಕ್ಕಿಂತ ಬಿರಾದಾರ್ ಅವರ ಮುಖವೇ ಚೆನ್ನಾಗಿ ಉತ್ತರ ಕೊಡುತ್ತದೆ.

ಮಾಟುಂಗಾದ ಹಿರಿಯ:

ಎಲ್ಲರ ಮಾತನ್ನೂ ಓದಿದೆ. ನನಗೆ 74. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಇದೆ, ಬೇಸರ ಮಾಡಿಕೊಳ್ಳಬೇಡಿ.

ಸೀಮೆಯ ಮಾತು ಇದ್ದರೆ ಮಾತ್ರ ಸಿನಿಮಾ ನಮ್ಮದು ಅನ್ನುವುದು ಸರಿಯಲ್ಲ. ರಾಜ್‌ಕುಮಾರ್ ಆಡುತ್ತಿದ್ದ ಕನ್ನಡವನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಅದು ನಾಟಕ ಕಂಪನಿಯಲ್ಲಿ ತಿದ್ದಿದ ಕನ್ನಡ. ಆದರೂ ಗದಗಿನವರು, ಉಡುಪಿಯವರು, ಚಾಮರಾಜನಗರದವರು ಎಲ್ಲರೂ ಅದನ್ನು ತಮ್ಮದು ಅಂದುಕೊಂಡರು. 1982ರಲ್ಲಿ ಗೋಕಾಕ್ ಚಳವಳಿಗೆ ಅವರು ಬೆಳಗಾವಿಯಿಂದ ಹೊರಟಾಗ ಜನ ಸೇರಿದ್ದನ್ನು ನಿಮ್ಮ ತಂದೆಯವರನ್ನೇ ಕೇಳಿ ನೋಡಿ ತಾಯಿ. ಅಂದು ಅವರ ಉಚ್ಚಾರ ಎಲ್ಲಿಯದು ಅಂತ ಯಾರೂ ಕೇಳಲಿಲ್ಲ.

ಅಷ್ಟು ಹೇಳಿ, ನಿಮ್ಮ ನೋವೂ ನಿಜವೇ ಅನ್ನುತ್ತೇನೆ. ಎರಡು ಹಳೆಯದು ಹೇಳುವೆ, ಎರಡೂ ಟಿ.ಎಸ್. ನಾಗಾಭರಣ ಅವರದ್ದು. ‘ಸಂತ ಶಿಶುನಾಳ ಶರೀಫ’, 1990. ಶ್ರೀಧರ್ ಶರೀಫರಾಗಿದ್ದಾರೆ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರು. ಗುರು ಶಿಷ್ಯರ ಜಾತಿ ಧರ್ಮ ಬೇರೆ, ಊರು ಸಿಟ್ಟಾಗುತ್ತದೆ, ಇವರಿಬ್ಬರೂ ಲೆಕ್ಕಕ್ಕೇ ಇಡುವುದಿಲ್ಲ. ಸಿ. ಅಶ್ವಥ್ ಅವರ ಸಂಗೀತದ ಬಗ್ಗೆ ನಾನು ಹೇಳಬೇಕಾಗಿಲ್ಲ. ಇನ್ನೊಂದು 1997ರ ‘ನಾಗಮಂಡಲ’, ಕಾರ್ನಾಡರ ನಾಟಕ. ಪ್ರಕಾಶ್ ರೈ ಒಂದೇ ಮುಖದಲ್ಲಿ ಕ್ರೂರ ಗಂಡನೂ ಹೌದು, ಪ್ರೀತಿಸುವ ನಾಗನೂ ಹೌದು. ಮಾತು ನಿಮ್ಮ ಕಡೆಯದೇ. ಎಂಟನೇ ಕ್ಲಾಸಿನ ಹುಡುಗಿಗೆ ಮಾತ್ರ ಇದು ಬೇಡ, ನಾಲ್ಕು ವರ್ಷ ತಡೆಯಲಿ.

ಹಿಂಜವಡಿ ಹುಡುಗ:

ಹಿರಿಯರ ಮಾತಿಗೆ ಗೌರವ ಇದೆ ಸರ್, ಆದರೆ ಪೂರ್ತಿ ಒಪ್ಪಲಾರೆ. ಅಣ್ಣಾವ್ರ ಕನ್ನಡವನ್ನು ಎಲ್ಲರೂ ಒಪ್ಪಿದ್ದು ಅದು ಯಾರನ್ನೂ ಕೀಳು ಮಾಡಲಿಲ್ಲ ಅಂತ. ಇವತ್ತಿನ ಎಷ್ಟೋ ಸಿನಿಮಾದಲ್ಲಿ ಬೆಂಗಳೂರಿನ ಮಾತು ನಾಯಕನಿಗೆ, ಹುಬ್ಬಳ್ಳಿಯ ಮಾತು ಅವನ ಗೆಳೆಯನಿಗೆ. ಎರಡೂ ಒಂದೇ ಅಲ್ಲ. ನಾನು ಹಾವೇರಿಯವನು, ಆಫೀಸಿನಲ್ಲಿ ಬೆಂಗಳೂರಿನ ಗೆಳೆಯರೇ ನನ್ನ ಕೈಲಿ “ಒಂದು ಡೈಲಾಗ್ ಹೇಳು” ಅಂತ ಹೇಳಿಸಿ ನಗುತ್ತಾರೆ. ಅವರದ್ದು ಕೆಟ್ಟ ಮನಸ್ಸಲ್ಲ, ಸಿನಿಮಾ ನೋಡಿ ಕಲಿತದ್ದು.

ಅಕ್ಕಾ, ‘ಹರಿವು’ ಅಂತ ಒಂದಿದೆ, 2014ರದ್ದು, ಮಂಸೋರೆ ಅವರ ಮೊದಲ ಸಿನಿಮಾ. ಉತ್ತರ ಕರ್ನಾಟಕದ ಬಡ ರೈತ ಕಾಯಿಲೆಯ ಮಗನನ್ನು ಬೆಂಗಳೂರಿನ ಆಸ್ಪತ್ರೆಗೆ ತರುತ್ತಾನೆ, ಮಗ ಉಳಿಯುವುದಿಲ್ಲ, ಹೆಣವನ್ನು ಟ್ರಂಕಿನಲ್ಲಿಟ್ಟು ಬಸ್ಸಿನಲ್ಲಿ ಊರಿಗೆ ಒಯ್ಯುತ್ತಾನೆ. ಸಂಚಾರಿ ವಿಜಯ್ ಆ ಅಪ್ಪ. ತುಂಬಾ ಒಳ್ಳೆಯ ಸಿನಿಮಾ, ಆದರೆ ನಿಮ್ಮ ಮನೆಯಲ್ಲಿ ಸಾವು ಆಗಿ ಇನ್ನೂ ಬಹಳ ದಿನ ಆಗಿಲ್ಲ ಅನಿಸುತ್ತದೆ, ಅಪ್ಪನಿಗೆ ಈಗಲೇ ತೋರಿಸಬೇಡಿ.

ಇನ್ನೊಂದು ಮಾತು. ‘ಫೋಟೋ’ದಲ್ಲಿ ಇರುವ ಸಂಧ್ಯಾ ಅರಕೆರೆ ಅವರೇ ‘ಸು ಫ್ರಮ್ ಸೋ’ದಲ್ಲಿ ಭಾನು ಆಗಿರುವುದು. ಒಂದರಲ್ಲಿ ರಾಯಚೂರು, ಇನ್ನೊಂದರಲ್ಲಿ ಕರಾವಳಿ. ಮಗಳಿಗೆ ಹೇಳಿ, ಖುಷಿ ಪಡುತ್ತಾಳೆ.

ಕಾಸರವಳ್ಳಿಯವರ ಹೆಸರು ಎರಡು ಸಲ ಬಂತು. ಅವರು ಸಿನಿಮಾ ಕಲಿತದ್ದು ನಿಮ್ಮ ಕೋಥ್ರೂಡಿನ ಪಕ್ಕದ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರ 1977ರ ‘ಘಟಶ್ರಾದ್ಧ’ವನ್ನು ಈಗ ಚೊಕ್ಕ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾನು ಹಳೆಯ ಮಸುಕು ಪ್ರತಿಯಲ್ಲೇ ನೋಡಿದವನು. ಕಪ್ಪು ಬಿಳುಪಿನಲ್ಲಿ ಆ ಹುಡುಗ ನಾಣಿ, ಯಮುನಕ್ಕನನ್ನು ನೋಡುವ ನೋಟ ಇವತ್ತಿಗೂ ಮರೆತಿಲ್ಲ. ಹೊಸ ಪ್ರತಿ ಪುಣೆಯಲ್ಲಿ ಎಲ್ಲಾದರೂ ತೋರಿಸಿದರೆ ನಾನೇ ನಿಮ್ಮ ಅಪ್ಪನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೇನೆ.

ಕೋಥ್ರೂಡಿನ ಗದಗಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಎರಡು ಸಿನಿಮಾ ನೋಡಿಯೇ ಬರೆಯೋಣ ಅಂತ ಇದ್ದೆ.

‘ಕನಸೆಂಬೋ ಕುದುರೆಯನೇರಿ’ ಮೊದಲು ನೋಡಿದೆವು. ಬಿರಾದಾರ್ ಬಂದ ಕೂಡಲೇ ಅಪ್ಪ ಗುರುತು ಹಿಡಿದರು, “ಇಂವಾ ನಗಸಾಂವಲ್ಲ?” ಅಂದರು. ಆಮೇಲೆ ಮಾತಿಲ್ಲ. ಮುಗಿದ ಮೇಲೆ ತಮ್ಮ ಊರಿನಲ್ಲಿ ಕುಣಿ ತೋಡುತ್ತಿದ್ದ ಒಬ್ಬ ಮುದುಕನ ಕಥೆ ಹೇಳಿದರು. ನನಗೇ ಗೊತ್ತಿರಲಿಲ್ಲ. ಅವ್ವನ ಮಣ್ಣಿನ ದಿನ ಅವನ ಮಗ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲವಂತೆ. ಅವ್ವ ಹೋದ ಮೇಲೆ ಆ ದಿನದ ಬಗ್ಗೆ ಅಪ್ಪ ಬಾಯಿ ಬಿಟ್ಟದ್ದು ಇದೇ ಮೊದಲು.

ಅದರ ಮುಂದಿನ ವಾರ ‘ಫೋಟೋ’ ನೋಡಿದೆವು. ವಾಸ್ಕೋ ಅಣ್ಣಾ, ನೀವು ಬರೆದದ್ದನ್ನು ಸಿನಿಮಾಕ್ಕೆ ಮೊದಲು ಮಗಳಿಗೆ ಓದಿ ಹೇಳಿದೆ. ನಡೆಯುವ ಭಾಗ ಬಂದಾಗ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಮೂವರು ಊರು ಮುಟ್ಟಿದರಾ ಅಂತ ಅವಳು ಕೇಳುತ್ತಿದ್ದಾಳೆ, ದಯವಿಟ್ಟು ಬರೆಯಿರಿ.

ಅಪ್ಪ ಮಾತ್ರ ಸಿನಿಮಾ ಮುಗಿದ ಮೇಲೆ ಕಣ್ಣು ಒರೆಸಿಕೊಂಡು, “ಭಾಳ ಚಲೋ ಐತಿ. ಆದ್ರ ಇದು ರಾಯಚೂರು ಸೀಮಿ ಮಾತು, ನಮ್ಮದಲ್ಲ” ಅಂದರು. ಮನೆಯವರಿಗೆ ಎರಡರಲ್ಲೂ ಏನು ವ್ಯತ್ಯಾಸ ಅಂತ ತಿಳಿಯಲಿಲ್ಲ. ಅಪ್ಪ ಒಂದೊಂದೇ ಶಬ್ದ ತೆಗೆದುಕೊಂಡು ಅವರು ಹೀಗೆ ಅಂತಾರೆ, ನಾವು ಹೀಗೆ ಅಂತೀವಿ ಅಂತ ರಾತ್ರಿ ಒಂದು ಗಂಟೆಯವರೆಗೆ ಹೇಳಿದರು. ಮನೆಯವರು ಸೊಲ್ಲಾಪುರದ್ದು ಹೇಳುತ್ತಾ ಹೋದರು. ಮಗಳು ನೋಟ್‌ಬುಕ್ಕಿನಲ್ಲಿ ದೇವನಾಗರಿಯಲ್ಲಿ ಬರೆದುಕೊಂಡಳು, ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ.

ಈ ಶನಿವಾರ ‘ಸಂತ ಶಿಶುನಾಳ ಶರೀಫ’. ಮಾಟುಂಗಾ ಕಾಕಾ, ನನಗೆ ಸಿಕ್ಕ ಪ್ರತಿಯಲ್ಲಿ ಹಾಡು ಬಂದಾಗಲೆಲ್ಲ ಸದ್ದು ಒಡೆಯುತ್ತಿದೆ. ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯದು ಇದ್ದರೆ ಹೇಗೆ ತರಿಸಿಕೊಳ್ಳುವುದು ಅಂತ ಹೇಳುತ್ತೀರಾ?